ಪೋರ್ಷಿಯಾಳ ಉತ್ತರಕ್ಕೆ ಮೊದಲು ಶೈಲಾಕ್‌ನ ಪ್ರಶ್ನೆ ಬರಲಿ

ಮಾನ್ಯರೇ,

ಹತ್ತನೇ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷ್ ಪುಸ್ತಕದಿಂದ ಶೇಕ್ಸ್‌ಪಿಯರ್‌ನನ್ನು ಕೈಬಿಡಿ, ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಹಳೆಯ ಇಂಗ್ಲಿಷ್ ತಲೆಗೆ ಹತ್ತುವುದಿಲ್ಲ ಎಂಬ ಮಾತು ಶಿಕ್ಷಕರ ನಡುವೆಯೇ ಆಗಾಗ ಕೇಳಿಬರುತ್ತದೆ. ಅವನ ‘ಕ್ವಾಲಿಟಿ ಆಫ್ ಮರ್ಸಿ’ (ಕರುಣೆಯ ಗುಣ) ಪದ್ಯ ಮಕ್ಕಳಿಗೆ ಕಷ್ಟವಾಗುವುದು ನಿಜ. ಆದರೆ ‘ಡ್ರಾಪೆತ್’, ‘ಬ್ಲೆಸೆತ್’ಗಳ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ. ಅವು ಇಂದಿನ ‘ಡ್ರಾಪ್ಸ್’, ‘ಬ್ಲೆಸಸ್’ ಎಂದು ಹೇಳಿಕೊಡಲು ಐದು ನಿಮಿಷ ಸಾಕು. ನಿಜವಾದ ತೊಡಕು, ನಾಟಕದ ಸಂಭಾಷಣೆಯೊಂದನ್ನು ಕತ್ತರಿಸಿ ತಂದು ಬಿಡಿ ಪದ್ಯವೆಂಬಂತೆ ಪಾಠ ಮಾಡುವುದರಲ್ಲಿದೆ.

ಇದು ‘ದಿ ಮರ್ಚಂಟ್ ಆಫ್ ವೆನಿಸ್’ ನಾಟಕದ ನಾಲ್ಕನೇ ಅಂಕ, ಮೊದಲ ದೃಶ್ಯ. ವ್ಯಾಪಾರಿ ಆಂಟೋನಿಯೊ ಲೇವಾದೇವಿಗಾರ ಶೈಲಾಕ್‌ನಿಂದ ಪಡೆದ 3,000 ಡಕಟ್ (ಚಿನ್ನದ ನಾಣ್ಯ) ಸಾಲ ಮೂರು ತಿಂಗಳಲ್ಲಿ ತೀರಲಿಲ್ಲ. ಕರಾರಿನಂತೆ ಆಂಟೋನಿಯೊನ ಮೈಯಿಂದ ಒಂದು ಪೌಂಡ್ ಮಾಂಸ ಕೊಯ್ದುಕೊಳ್ಳಲು ಶೈಲಾಕ್ ನ್ಯಾಯಾಲಯದಲ್ಲೇ ಚೂರಿ ಮಸೆಯುತ್ತಾನೆ. ನ್ಯಾಯಶಾಸ್ತ್ರ ಪಂಡಿತನ ವೇಷದಲ್ಲಿ ಬಂದ ಪೋರ್ಷಿಯಾ, ಹಾಗಿದ್ದರೆ ಯೆಹೂದಿ (ಅಂದರೆ ಶೈಲಾಕ್) ಕರುಣೆ ತೋರಲೇಬೇಕು ಅನ್ನುತ್ತಾಳೆ. ಯಾವ ಒತ್ತಾಯಕ್ಕೆ ತೋರಬೇಕು, ಹೇಳಿ ನೋಡೋಣ ಅನ್ನುತ್ತಾನೆ ಅವನು. ಕರುಣೆ ಒತ್ತಾಯದಿಂದ ಬರುವಂಥದ್ದಲ್ಲ ಎಂಬ ಮೊದಲ ಸಾಲು ಈ ಪ್ರಶ್ನೆಗೆ ಕೊಟ್ಟ ಉತ್ತರ. ಪ್ರಶ್ನೆಯನ್ನೇ ಕೇಳಿಸದೆ ಉತ್ತರ ಓದಿಸಿದರೆ ಮಕ್ಕಳು ಅದನ್ನು ನೀತಿಬೋಧೆ ಎಂದುಕೊಂಡು ಆಕಳಿಸುತ್ತಾರೆ. ದೃಶ್ಯ ಗೊತ್ತಿದ್ದವರಿಗೆ ಕರುಣೆ ‘ಟ್ವೈಸ್ ಬ್ಲೆಸ್ಟ್’ (ಎರಡು ಬಗೆಯಲ್ಲಿ ಧನ್ಯ) ಹೇಗೆ ಎಂಬ ಪರೀಕ್ಷೆಯ ಪ್ರಶ್ನೆಗೆ ಗೈಡ್ ಬೇಕಾಗುವುದಿಲ್ಲ: ಕೊಡುವವನು ಶೈಲಾಕ್, ಪಡೆಯುವವನು ಆಂಟೋನಿಯೊ, ಇಬ್ಬರೂ ಅಲ್ಲೇ ನಿಂತಿದ್ದಾರೆ.

ಆದ್ದರಿಂದ ಮೊದಲ ಪೀರಿಯಡ್ಡಿನಲ್ಲಿ ಪುಸ್ತಕ ತೆರೆಸಬೇಡಿ. ಕಥೆಯನ್ನು ಕನ್ನಡದಲ್ಲೇ ಹೇಳಿ, ಮೂವರನ್ನು ಎದ್ದು ನಿಲ್ಲಿಸಿ, ಶೈಲಾಕ್‌ನ ಪ್ರಶ್ನೆಗೆ ತರಗತಿಯಿಂದಲೇ ಉತ್ತರ ಕೇಳಿ. ಓದು ಎರಡನೇ ದಿನಕ್ಕಿರಲಿ. ಹೆಚ್ಚಿನವರು ಎಡವುವುದು ಇಲ್ಲೇ. ಮಕ್ಕಳು ಸಾಲು ಮುಗಿದಲ್ಲೆಲ್ಲ ಉಸಿರು ನಿಲ್ಲಿಸುತ್ತಾರೆ. ಕರುಣೆಯನ್ನು ಮಳೆಗೆ ಹೋಲಿಸುವ ಎರಡನೆಯ ಸಾಲಿನ ಕೊನೆಗೆ ನಿಂತರೆ ಮಳೆ ಎಲ್ಲಿ ಬಿತ್ತೆಂದು ತಿಳಿಯದು, ‘ಇಟ್ ಬಿಕಮ್ಸ್’ (ಅದು ಒಪ್ಪುತ್ತದೆ) ಎಂದು ನಿಂತರಂತೂ ಅರ್ಥವೇ ಕೆಡುತ್ತದೆ. ವಿರಾಮಚಿಹ್ನೆ ಇದ್ದಲ್ಲಿ ಮಾತ್ರ ನಿಲ್ಲಲು ಹೇಳಿ, ಆ ಜಾಗಗಳಿಗೆ ಪೆನ್ಸಿಲ್ಲಿನಲ್ಲಿ ಗೀಟು ಹಾಕಿಸಿ. ಬಳಿಕ ‘ಇಟ್’ ಇರುವಲ್ಲೆಲ್ಲ ಸುತ್ತು ಹಾಕಿಸಿ. ‘ಟಿಸ್’ ಸೇರಿ ಏಳು ಸಿಗುತ್ತವೆ, ಏಳೂ ‘ಮರ್ಸಿ’ಯೇ. ಏಳೂ ಕಡೆ ‘ಮರ್ಸಿ’ ಇಟ್ಟು ಓದಿಸಿದರೆ ಅರ್ಧ ಪದ್ಯ ತಾನಾಗಿ ಬಿಡಿಸಿಕೊಳ್ಳುತ್ತದೆ. ನಡುವೆ ರಾಜದಂಡದ ಮೂರು ಸಾಲುಗಳಲ್ಲಿ ಮರ್ಸಿಯ ಸುಳಿವೇ ಇಲ್ಲ, ಬರೀ ಅಧಿಕಾರ ಮತ್ತು ಭಯ. ಹತ್ತನೆಯ ಸಾಲಿನ ‘ಬಟ್’ ಬಂದಾಗ ಮಾತು ಮತ್ತೆ ಕರುಣೆಗೆ ತಿರುಗುತ್ತದೆ. ಆ ‘ಬಟ್’ ಮೇಲೆ ದನಿ ಒತ್ತಿ ಓದಿಸಬೇಕು.

ಛಂದಸ್ಸನ್ನು ಬಿಡುವುದೇಕೆ? ಕನ್ನಡ ತರಗತಿಯಲ್ಲಿ ಲಘು-ಗುರು ಹಾಕಿದ ಮಕ್ಕಳಿವರು. ಇಲ್ಲಿ ಎಣಿಸಬೇಕಾದ್ದು ಮಾತ್ರೆಯಲ್ಲ, ಉಚ್ಚಾರಾಂಶ; ಸಾಲಿಗೆ ಹೆಚ್ಚುಕಡಿಮೆ ಹತ್ತು. ಹನ್ನೊಂದನೆಯ ಸಾಲಿನಲ್ಲಿ ‘ಎನ್‌ಥ್ರೋನ್ಡ್’ ಎಂದು ಓದಿದರೆ ಒಂಬತ್ತೇ ಬರುತ್ತದೆ, ‘ಎನ್‌ಥ್ರೋನೆಡ್’ ಎಂದು ಬಿಡಿಸಿ ಓದಿದರೆ ಲೆಕ್ಕ ಸರಿಹೋಗುತ್ತದೆ. ಹೀಗೆ ಚಪ್ಪಾಳೆ ತಟ್ಟಿ ಓದಿದ ಸಾಲು ಕಂಠಪಾಠಕ್ಕೂ ಬೇಗ ಒಗ್ಗುತ್ತದೆ.

ಕಥೆಗಾಗಿ ಶೇಕ್ಸ್‌ಪಿಯರ್ ನಾಟಕಗಳನ್ನು ಕಥೆಯಾಗಿ ಹೇಳುವ 1807ರ ಲ್ಯಾಂಬ್ ಸೋದರ-ಸೋದರಿಯರ ಪುಸ್ತಕ ನೆಚ್ಚುವವರಿಗೆ ಒಂದು ಮಾತು. ಅಲ್ಲಿ ಶೈಲಾಕ್ ಮೊದಲಿನಿಂದಲೇ ಕಲ್ಲೆದೆಯವನು. ಅಷ್ಟನ್ನೇ ಹೇಳಿದರೆ ಒಂದು ಸಮುದಾಯದ ಮೇಲಿನ ಹಗೆಯನ್ನು ನಾವೇ ಪಾಠ ಮಾಡಿದಂತಾಗುತ್ತದೆ. ಯೆಹೂದಿಗೆ ಕಣ್ಣಿಲ್ಲವೇ ಎಂದು ಮೂರನೇ ಅಂಕದಲ್ಲಿ ಅವನು ಕೇಳುವ ಮಾತನ್ನೂ ಓದಿ ಹೇಳಬೇಕು. ತೀರ್ಪನ್ನೂ ಮುಚ್ಚಿಡಬಾರದು: ಕರುಣೆಯ ಬಗ್ಗೆ ಇಷ್ಟು ಕೇಳಿದ ಅದೇ ನ್ಯಾಯಾಲಯದಲ್ಲಿ, ಮೊಕದ್ದಮೆ ಸೋತು ಪ್ರಾಣ ಉಳಿಸಿಕೊಂಡ ಶೈಲಾಕ್ ಕ್ರೈಸ್ತನಾಗಬೇಕೆಂದು ಆಂಟೋನಿಯೊ ಷರತ್ತು ಹಾಕುತ್ತಾನೆ. ಇದು ಕರುಣೆಯೇ ಎಂದು ಕೇಳಿ ಸುಮ್ಮನೆ ಕುಳಿತರೆ ಸಾಕು, ಹಿಂದಿನ ಬೆಂಚೂ ಬಾಯಿ ಬಿಡುತ್ತದೆ. ಚರ್ಚೆ ಕನ್ನಡದಲ್ಲೇ ನಡೆಯಲಿ, ಕೊನೆಗೆ ಮೂರು ವಾಕ್ಯ ಇಂಗ್ಲಿಷಿನಲ್ಲಿ ಬರೆಸಿ.

ಇದಕ್ಕೆಲ್ಲ ನಾಲ್ಕು ಪೀರಿಯಡ್ ಸಾಕು. ಸಾಲುಸಾಲಿಗೂ ಕನ್ನಡ ಅರ್ಥ ಬರೆಸಿ, ಗೈಡಿನ ಸಾರಾಂಶ ಕಾಪಿ ಮಾಡಿಸಲೂ ಅಷ್ಟೇ ಹೊತ್ತು ಹಿಡಿಯುತ್ತದೆ.

ಪಠ್ಯಪುಸ್ತಕ ಪರಿಷ್ಕರಿಸುವವರಲ್ಲಿ ನಮ್ಮ ಬೇಡಿಕೆ ಚಿಕ್ಕದು. ಪದ್ಯದ ಮೇಲೆ, ಯೆಹೂದಿ ಕರುಣೆ ತೋರಲೇಬೇಕು ಎಂಬ ಪೋರ್ಷಿಯಾಳ ಮಾತು ಮತ್ತು ಶೈಲಾಕ್‌ನ ಪ್ರಶ್ನೆ ಅಚ್ಚಾಗಲಿ. ಮೂಲದಲ್ಲಿ ಆ ಪ್ರಶ್ನೆಗೆ ಅವಳು ಕೊಡುವ ಉತ್ತರ 22 ಸಾಲು. ‘ಮರ್ಸಿ ಸೀಸನ್ಸ್ ಜಸ್ಟಿಸ್’ಗೆ ನಿಲ್ಲಿಸದೆ ಅಷ್ಟನ್ನೂ ಕೊಡಿ. ಜಾಗ ಸಾಲದಿದ್ದರೆ ಕವಿಪರಿಚಯವನ್ನು ಕಿರಿದು ಮಾಡಬಹುದು.

– ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕರು, ಶಿವಮೊಗ್ಗ ಜಿಲ್ಲೆ