ಅಪ್ಪನ ಕಾಲು ಈ ವಾರವೇ ತೋರಿಸು

ಬಾರ್ಸಿಲೋನಾ
ಭಾನುವಾರ

ಅಮ್ಮನಿಗೆ ನಮಸ್ಕಾರ. ನಾನು ಆರಾಮ ಇದ್ದೇನೆ. ನಿನ್ನ ಪತ್ರ ಬಂತು. ಉಮೇಶನ ಮದುವೆ, ಹಂಚು ಬದಲಿಸಿದ್ದು ಎಲ್ಲ ತಿಳಿಯಿತು. ಆದರೆ ಅಪ್ಪನ ಕಾಲಡಿಯಲ್ಲಿ ಬೊಕ್ಕೆ ಎದ್ದದ್ದು ಅವರಿಗೇ ಗೊತ್ತಾಗಲಿಲ್ಲ ಅಂತ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ಸರಿಯಾಗಿ ನಿದ್ರೆ ಇಲ್ಲ. ಮಧ್ಯಾಹ್ನದ ಬಿಸಿಲಲ್ಲಿ ರಥಬೀದಿಯಲ್ಲಿ ಬರಿಗಾಲಲ್ಲಿ ನಡೆದರೆ ಕಾಲು ಸುಡಬೇಕು. ಸುಡಲಿಲ್ಲ ಅಂದರೆ ಅದೇ ಹೆದರಿಕೆ. ಶುಗರ್ ಹಳತಾದರೆ ಪಾದದ ನರ ಸೋಲುತ್ತದೆ, ಗಾಯ ಆದದ್ದೇ ತಿಳಿಯುವುದಿಲ್ಲ.

ಅತ್ತೆ ನನ್ನ ಕೆಲಸದ ಬಗ್ಗೆ ಪುನಃ ಕೇಳಿದರಂತೆ. ಡಿಜೆ ಅಲ್ಲ ಅಂತ ಹೇಳು. ವೇದಿಕೆಯಲ್ಲಿ ಎಲೆಕ್ಟ್ರಾನಿಕ್ ಸಂಗೀತ ನುಡಿಸುವವರ ಟಚ್‌ಸ್ಕ್ರೀನಿನಲ್ಲಿ ಯಾವ ಬಟನ್ ಎಲ್ಲಿರಬೇಕು ಅಂತ ವಿನ್ಯಾಸ ಮಾಡುವುದು ನನ್ನ ಕೆಲಸ. ಇಂಥದ್ದೇ ಒಂದು ಎಲೆಕ್ಟ್ರಾನಿಕ್ ವಾದ್ಯ, ರಿಯಾಕ್ಟೇಬಲ್ ಅನ್ನುವ ದುಂಡು ಮೇಜು, ಹುಟ್ಟಿದ್ದು ಇದೇ ಊರಿನ ವಿಶ್ವವಿದ್ಯಾಲಯದಲ್ಲಿ. ಅದರ ಮೇಲೆ ಬಿಲ್ಲೆ ಇಟ್ಟು ತಿರುಗಿಸಿದರೆ ಸದ್ದು ಬದಲಾಗುತ್ತದೆ, ಒಳಗಿನ ಕ್ಯಾಮೆರಾ ಕೆಳಗಿನಿಂದ ಬಿಲ್ಲೆಯನ್ನು ನೋಡುತ್ತಿರುತ್ತದೆ. 2007ರಲ್ಲಿ ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್ ಅದನ್ನು ತಮ್ಮ ಸಂಗೀತ ಕಛೇರಿಗಳಿಗೆ ಊರೂರಿಗೆ ಒಯ್ದರು. ಸಣ್ಣ ವಿಷಯ ಅಲ್ಲ ಅಲ್ವಾ?

ಟಚ್‌ಸ್ಕ್ರೀನಿನ ಗಾಜು ಬರೀ ನುಣುಪು, ಬೆರಳಿಗೆ ಏನೂ ಸಿಗುವುದಿಲ್ಲ. ವೇದಿಕೆಯಲ್ಲಿ ಕತ್ತಲೆ ಬೇರೆ. ಅದಕ್ಕೆ ಮುಖ್ಯ ಬಟನ್‌ಗಳನ್ನು ದೊಡ್ಡದು ಮಾಡಿ ಅಂಚಿಗೆ ಇಡುತ್ತೇವೆ, ಚೌಕಟ್ಟು ತಡವಿದರೆ ಸಿಗಬೇಕು. ಸದ್ದು ಏರಿಸಿ ಇಳಿಸಲು ಬೆರಳಲ್ಲಿ ಜರುಗಿಸುವ ಪಟ್ಟಿ, ಅಂದರೆ ಸ್ಲೈಡರಿನ ಮೇಲೆ ಎಲ್ಲಿ ಬೆರಳಿಟ್ಟರೂ ಸದ್ದು ಥಟ್ಟನೆ ಏರಬಾರದು, ಇದ್ದಲ್ಲಿಂದಲೇ ಜರುಗಬೇಕು. ಮುಟ್ಟಿದ ಮೇಲೆ ಸದ್ದು ಬರಲು ಸುಮಾರು 10 ಮಿಲಿಸೆಕೆಂಡಿಗಿಂತ ಜಾಸ್ತಿ ಹಿಡಿಯಬಾರದು ಅಂತ ಹೆಣಗುತ್ತೇವೆ, ಇಲ್ಲದಿದ್ದರೆ ನುಡಿಸುವವರಿಗೆ ತಾಳ ಎಳೆದ ಹಾಗೆ ಆಗುತ್ತದೆ. ಚೆಂಡೆ, ಮದ್ದಳೆ ಕೇಳಿ ಬೆಳೆದ ಅಪ್ಪನಿಗೆ ಇದು ಕೂಡಲೇ ಅರ್ಥ ಆಗುತ್ತದೆ. ಇದನ್ನು ಬರೆಯುವಾಗಲೂ ಅವರ ಪಾದವೇ ಕಣ್ಣೆದುರು ಬರುತ್ತದೆ, ಅಮ್ಮ.

ದಿನಾ ರಾತ್ರಿ ಎರಡೂ ಪಾದ ನೀನೇ ನೋಡು, ಬೆರಳ ಸಂದು ಸಹ. ಬೊಕ್ಕೆ ಒಡೆಯಬೇಡ, ಅರಸಿನ ಮೆತ್ತಬೇಡ. ಸ್ನಾನದ ಬಿಸಿನೀರಿಗೆ ಮೊದಲು ನೀನು ಕೈ ಹಾಕಿ ನೋಡು. ಮಠಕ್ಕೆ ಬೆಳಿಗ್ಗೆಯೇ ಹೋಗಲಿ, ಬಾಗಿಲವರೆಗೆ ಚಪ್ಪಲಿ ಇರಲಿ. ಕೃಷ್ಣ ಬೇಸರ ಮಾಡುವುದಿಲ್ಲ. ಮಣಿಪಾಲದ ಆಸ್ಪತ್ರೆಗೆ ಈ ವಾರವೇ ಕರೆದುಕೊಂಡು ಹೋಗು. ಅಣ್ಣನ ಖಾತೆಗೆ ಹಣ ಹಾಕಿದ್ದೇನೆ, ಖರ್ಚಿನ ಮಾತೇ ಬೇಡ.

ನನ್ನ ಬಗ್ಗೆ ಚಿಂತೆ ಬೇಡವೇ ಬೇಡ. ಕೆಲಸ ಗಟ್ಟಿ ಇದೆ, ಆರೋಗ್ಯ ಗಟ್ಟಿ ಇದೆ. ಇಲ್ಲಿನವರು ರಾತ್ರಿ ಹತ್ತಕ್ಕೆ ಊಟಕ್ಕೆ ಕೂರುತ್ತಾರೆ. ನಾನು ಎಂಟಕ್ಕೇ ಗಂಜಿ, ಮಿಡಿ ಉಪ್ಪಿನಕಾಯಿ ಉಂಡಿರುತ್ತೇನೆ.

ಸಂಜೆ ಒಂದು ಕಾರ್ಯಕ್ರಮ ಇದೆ, ಹೊರಟೆ. ಡಾಕ್ಟರು ಏನು ಹೇಳಿದರು ಅಂತ ಅವತ್ತೇ ಫೋನ್ ಮಾಡು.

ನಿನ್ನ ಮಗಳು
ಸುಮಾ