ಸಂಘಗಳು ಮೊದಲು ಲೈಟ್ ಕೊಳ್ಳಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಡೊಂಬಿವಲಿಯ ಓದುಗರೊಬ್ಬರ ಪತ್ರ ಬಂದಿತ್ತು. ಮುಂಬಯಿಯ ಕನ್ನಡ ಸಂಘಗಳೆಲ್ಲ ಸೇರಿ ಒಂದು 4ಕೆ ಕ್ಯಾಮೆರಾ ಕೊಂಡರೆ ನಮ್ಮ ಯಕ್ಷಗಾನ, ನಾಟಕಗಳ ವಿಡಿಯೊ ಚೆನ್ನಾಗಿ ಬರುತ್ತದೆ ಎಂದು ಅವರು ಬರೆದಿದ್ದರು. ಅವರ ಕಾಳಜಿ ದೊಡ್ಡದು. ಆದರೆ ಗೋರೆಗಾಂವ್, ಅಂಧೇರಿಯ ಸ್ಟುಡಿಯೊಗಳಲ್ಲಿ ಲೈಟ್‌ಮ್ಯಾನ್ ಆಗಿ ದುಡಿದು ನಿವೃತ್ತನಾದ ನನಗೆ ಈ ಸಲಹೆ ಒಪ್ಪಿಗೆಯಿಲ್ಲ. ಕ್ಯಾಮೆರಾ ಈಗ ಎಲ್ಲರ ಜೇಬಿನಲ್ಲೂ ಇದೆ. ಇಲ್ಲದಿರುವುದು ಬೆಳಕು.

ಮೊನ್ನೆ ಇಲ್ಲಿನದೇ ಒಂದು ಯಕ್ಷಗಾನದ ವಿಡಿಯೊ ನೋಡಿದೆ. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ರಂಗಕ್ಕೆ ಬಂತು, ಮುಖವೇ ಕಾಣಲಿಲ್ಲ. ಸುಣ್ಣ ಬಳಿದ ಗೋಡೆಗೆ ಕಿರೀಟ ಇಟ್ಟ ಹಾಗಿತ್ತು. ಕಾರಣ ಇಷ್ಟೇ: ಹಿಂದೆ ಕಪ್ಪು ಪರದೆ, ಕ್ಯಾಮೆರಾ ಆಟೋ ಮೋಡ್‌ನಲ್ಲಿ. ಚೌಕಟ್ಟಿನಲ್ಲಿ ಕಪ್ಪೇ ಜಾಸ್ತಿ ಇದ್ದರೆ ಅದು ಕತ್ತಲೆ ಎಂದುಕೊಂಡು ಎಲ್ಲವನ್ನೂ ಬೆಳಗಿಸುತ್ತದೆ. ಪರದೆ ಬೂದುಬಣ್ಣಕ್ಕೆ ತಿರುಗುತ್ತದೆ, ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ. ಲಕ್ಷಗಟ್ಟಲೆ ಕೊಟ್ಟು ತಂದ ಕ್ಯಾಮೆರಾವನ್ನೂ ಆಟೋ ಮೋಡ್‌ನಲ್ಲಿಟ್ಟರೆ ಇದೇ ಕಥೆ. ಈಗಿನ ಬಹಳಷ್ಟು ಫೋನುಗಳಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ತೆಗೆದುಕೊಳ್ಳುವ ಬೆಳಕಿನ ಪ್ರಮಾಣ, ಲಾಕ್ ಆಗುತ್ತದೆ. ಆಮೇಲೆ ಬೆರಳನ್ನು ಸ್ವಲ್ಪ ಕೆಳಗೆ ಎಳೆದರೆ ಆಯಿತು. ಖರ್ಚು ಏನಿದೆ, ಹೇಳಿ?

ಬಣ್ಣದ ವೇಷದವರು ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ, ಅಂದರೆ ಉಬ್ಬು ಅಲಂಕಾರ, ಇಡುತ್ತಾರೆ. ಆ ಉಬ್ಬು ಕಾಣಬೇಕಾದರೆ ನೆರಳು ಬೇಕು. ಎದುರಿನಿಂದ ನೇರ ಬೆಳಕು ಹೊಡೆದರೆ ನೆರಳು ಎಲ್ಲಿಂದ ಬರಬೇಕು? ಮುಖ ಚಪ್ಪಟೆಯಾಗುತ್ತದೆ. ಕೀ ಲೈಟ್, ಅಂದರೆ ಮುಖ್ಯ ಲೈಟು, ಒಂದು ಪಕ್ಕಕ್ಕೆ ಸುಮಾರು 45 ಡಿಗ್ರಿ ಸರಿದು, ತಲೆಗಿಂತ ಎತ್ತರದಲ್ಲಿರಲಿ. ಇನ್ನೊಂದು ಕೆನ್ನೆ ತೀರಾ ಕಪ್ಪಾದರೆ ಅಲ್ಲಿಗೆ ಮೆಲ್ಲಗೆ ಒಂದು ಫಿಲ್ ಲೈಟ್, ಅಂದರೆ ನೆರಳು ತಿಳಿಯಾಗಿಸುವ ಲೈಟು, ಕೊಡಿ. ಹಿಂದಿನಿಂದ ಭುಜ, ಕಿರೀಟದ ಅಂಚಿಗೆ ಬ್ಯಾಕ್ ಲೈಟ್ ಬೇಕೇ ಬೇಕು. ಅದಿಲ್ಲದಿದ್ದರೆ ಕಪ್ಪು ಕೂದಲು ಕಪ್ಪು ಪರದೆಯಲ್ಲಿ ಕರಗಿಹೋಗುತ್ತದೆ. ಮದ್ದಳೆಯವರಂತೂ, ಪಾಪ, ಯಾವ ವಿಡಿಯೊದಲ್ಲೂ ಕಾಣುವುದೇ ಇಲ್ಲ.

ಬಣ್ಣದ್ದು ಇನ್ನೊಂದು ರಗಳೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ರಂಗದ ಹ್ಯಾಲೊಜೆನ್ ಸುಮಾರು 3200 ಕೆಲ್ವಿನ್, ಹಳದಿ. ಹಗಲಿನ ಬೆಳಕು 5600ರ ಆಸುಪಾಸು, ನೀಲಿ ಛಾಯೆ. ಸಭಾಂಗಣದ ಬಿಳಿ ಟ್ಯೂಬ್‌ಲೈಟೂ ಜೊತೆಗೆ ಉರಿಯುತ್ತಿದ್ದರೆ ಅರ್ಧ ಮುಖ ಅರಿಸಿನ, ಅರ್ಧ ನೀಲಿ. ಕ್ಯಾಮೆರಾ ಯಾವುದನ್ನು ಬಿಳಿ ಎಂದುಕೊಳ್ಳಬೇಕು? ಟ್ಯೂಬ್ ಆರಿಸಿ ಅಂದರೆ ಕಮಿಟಿಯವರು ‘ಮುಖ್ಯ ಅತಿಥಿಗಳು ಬರೋ ಹೊತ್ತಾಯ್ತು’ ಅನ್ನುತ್ತಾರೆ! ಚಿತ್ರದ ಮೇಲೆ ಪಟ್ಟಿ ಓಡುವುದಕ್ಕೂ ಹೊಸ ಕ್ಯಾಮೆರಾ ಮದ್ದಲ್ಲ. ನಮ್ಮ ಕರೆಂಟು 50 ಹರ್ಟ್ಜ್. ಹಳೇ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಟ್ಟರೆ ಪಟ್ಟಿ ನಿಲ್ಲುತ್ತದೆ.

ಮನೆಗೆ ಹೋಗಿ ಹಿರಿಯ ಕಲಾವಿದರ ಸಂದರ್ಶನ ಮಾಡುವ ಹುಡುಗರಿಗೂ ಒಂದು ಮಾತು. ಅಜ್ಜನನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಬೇಡಿ. ಕುರ್ಚಿ ತಿರುಗಿಸಿ, ಕಿಟಕಿಯೇ ಕೀ ಲೈಟ್. ಇನ್ನೊಂದು ಪಕ್ಕಕ್ಕೆ ಬಿಳಿ ಥರ್ಮಾಕೋಲ್ ಹಿಡಿದರೆ ಫಿಲ್ ಆಯಿತು, ದೊಡ್ಡ ದೊಡ್ಡ ಸೆಟ್‌ಗಳಲ್ಲೂ ನಾವು ಮಾಡುತ್ತಿದ್ದದ್ದು ಇದನ್ನೇ. ಲೈಟ್ ಇಟ್ಟರೆ ಮುಂದೆ ಬಟರ್ ಪೇಪರ್ ಕಟ್ಟಿ, ನೆರಳಿನ ಅಂಚು ಮೆತ್ತಗಾಗುತ್ತದೆ. ಪೇಪರ್ ಬಿಸಿ ಲೈಟಿಗೆ ತಾಗದಿರಲಿ. ಇನ್ನೊಂದು ನೆನಪಿಡಿ. 3 ಅಡಿಯಲ್ಲಿದ್ದ ಲೈಟನ್ನು 6 ಅಡಿಗೆ ಒಯ್ದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ.

ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು ಮುಂಬಯಿಗೆ ಬಂದು ಏನು ಮಾಡಿದರು ನೋಡಿ. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ, ಚಿತ್ರ. ಅದರ ಒಂದು ಹಾಡಿನಲ್ಲಿ ಸ್ಟುಡಿಯೊದೊಳಗೆ ಇಳಿಯುವ ಬೆಳಕಿನ ಕೋಲು ಯಾವ ದೊಡ್ಡ ಲೈಟಿನದೂ ಅಲ್ಲ. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಗೆ ತಿರುಗಿಸಿದ್ದು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ.

ಧ್ವನಿಯ ಗೋಳು ಬೇರೆಯೇ ಇದೆ. ಸಭಾಂಗಣದ ಕೊನೆಯಲ್ಲಿ ನಿಂತ ಕ್ಯಾಮೆರಾದ ಮೈಕಿಗೆ ಚೆಂಡೆ, ಕೆಮ್ಮು ಎರಡೂ ಒಂದೇ. ಮೈಕಿನವರ ಮಿಕ್ಸರ್‌ನಿಂದ ಒಂದು ಲೈನ್ ತೆಗೆದು ರೆಕಾರ್ಡ್ ಮಾಡಿಕೊಳ್ಳಿ.

ಹಾಗಾಗಿ ಒಟ್ಟು ಮಾಡುವ ಹಣದಲ್ಲಿ ಮೊದಲು ಮೂರು ಒಳ್ಳೆಯ ಎಲ್‌ಇಡಿ ಲೈಟು, ಗಟ್ಟಿ ಸ್ಟ್ಯಾಂಡು ಬರಲಿ. ಎಲ್ಲ ಸಂಘಗಳೂ ಸರದಿಯಂತೆ ಬಳಸಲಿ. ವಿಡಿಯೊದವರಿಗೆ ಮುಂಗಡ ಕೊಡುವಾಗಲೇ ಒಂದು ಷರತ್ತು ಹಾಕಿ: ಆಟಕ್ಕೆ ಮುಂಚೆ ಬಂದು, ವೇಷ ಕಟ್ಟಿದ ಒಬ್ಬರನ್ನು ರಂಗದಲ್ಲಿ ನಿಲ್ಲಿಸಿ ಬೆಳಕು ಸರಿ ಮಾಡಿಕೊಳ್ಳಬೇಕು. ಅದಕ್ಕೆ ಹದಿನೈದು ನಿಮಿಷ ಬಿಟ್ಟುಕೊಡಬೇಕಾದವರು ಸಭಾ ಕಾರ್ಯಕ್ರಮದವರು. ಒಂದು ಭಾಷಣ ಕಡಿಮೆ ಮಾಡಿದರೆ ಸಾಕಲ್ವಾ?

ಇತಿ,
ನಿವೃತ್ತ ಲೈಟ್‌ಮ್ಯಾನ್, ಮಲಾಡ್, ಮುಂಬಯಿ