ಗುಂಡಿನ ಅಂಗಡಿಯಿಂದ ಗುಂಡನಿಗೆ

ಲೇ ಗುಂಡ,

ಫೋನ್ ಮಾಡೋದು ಬಿಟ್ಟು ಹೀಗೆ ಎಲ್ಲರ ಮುಂದೆ ಬರೆಯುತ್ತಿದ್ದಾನಲ್ಲ ಅಂತ ಬೈಬೇಡ. ಫೋನಲ್ಲಾದರೆ ನೀನು ಮೂರನೇ ಮಾತಿಗೆ ‘ಮೀಟಿಂಗ್ ಇದೆ’ ಅಂತೀಯ. ಇಲ್ಲಿ ನಾಲ್ಕು ಜನ ನೋಡುತ್ತಿದ್ದಾರೆ ಅನ್ನೋ ಮರ್ಯಾದೆಗಾದರೂ ಪೂರ್ತಿ ಓದುತ್ತೀಯ. ಛತ್ರಿ ವಿಷಯ ಎತ್ತುವುದಿಲ್ಲ, ಹೆದರಬೇಡ.

ಸುದ್ದಿ ಏನಪ್ಪಾ ಅಂದರೆ, ಹದಡಿ ರಸ್ತೆಯಲ್ಲಿ, ನಮ್ಮ ಸೀರೆ ಅಂಗಡಿಯಿಂದ ಆರನೇ ಮಳಿಗೆ, ಹಿಟ್ಟಿನ ಗಿರಣಿ ಪಕ್ಕದಲ್ಲಿ ಬಂದೂಕಿನ ಅಂಗಡಿ ಬಂದಿದೆ. ಹೌದು, ಬಂದೂಕೇ. ಬೋರ್ಡಿನಲ್ಲಿ ‘ಬಂದೂಕು ಮತ್ತು ಮದ್ದುಗುಂಡು’ ಅಂತ ದಪ್ಪಕ್ಷರ. ಮೊದಲ ವಾರ ಪಾಪ ಆ ಮನುಷ್ಯನಿಗೆ ಸಾಕುಸಾಕಾಗಿ ಹೋಯಿತು. ‘ಮದ್ದು’ ಅಂತ ಓದಿಕೊಂಡ ಅಜ್ಜಿಯೊಬ್ಬರು ಮಂಡಿನೋವಿಗೆ ಏನಾದರೂ ಕೊಡಪ್ಪಾ ಅಂತ ಬಂದು ಕೂತರು. ‘ಗುಂಡು’ ಅಂತ ಓದಿಕೊಂಡವರು ಸಂಜೆ ಹೊತ್ತು ಬಂದು, ‘ಕೂತು ಕುಡಿಯೋಕೆ ಜಾಗ ಇದೆಯಾ?’ ಅಂತ ಕೇಳಿದರು. ನನಗಂತೂ ಬೋರ್ಡು ನೋಡಿದಾಗಲೆಲ್ಲ ನಿನ್ನ ಮುಖವೇ ಕಾಣುತ್ತೆ.

ನಾನು ಯಾಕೆ ಹೋದೆ ಅಂತೀಯಾ? ಸುಮ್ನೆ. ಅಂಗಡಿ ಇಟ್ಟವನಿಗೆ ಇನ್ನೊಬ್ಬರ ಅಂಗಡಿ ನೋಡೋ ಚಟ ಇರುತ್ತೆ. ಗಿರಾಕಿ ಬಂದರೆ ಹೇಗೆ ಮಾತಾಡಿಸ್ತಾನೆ, ನೀರು ಕೊಡ್ತಾನಾ, ಕುರ್ಚಿ ಹಾಕ್ತಾನಾ. ಮನಸ್ಸಿನಲ್ಲಿ ಒಂದು ಚಿತ್ರ ಇಟ್ಟುಕೊಂಡೇ ಹೋಗಿದ್ದೆ. ಗಿರಿಜಾ ಮೀಸೆ, ಕೆಂಪು ಕಣ್ಣು, ಗೋಡೆ ಮೇಲೆ ಜಿಂಕೆ ತಲೆ. ಒಳಗೆ ನೋಡಿದರೆ ಬ್ಯಾಂಕಿನ ಕ್ಯಾಷಿಯರ್ ಥರ ಒಬ್ಬ ಮನುಷ್ಯ. ಕನ್ನಡಕ, ಜೇಬಿನಲ್ಲಿ ಎರಡು ಪೆನ್ನು. ಮುಂದೆ ಉದ್ದದ ರಿಜಿಸ್ಟರ್. ಓಪನಿಂಗ್ ದಿನದ ಬಾಳೆಕಂಬ ಒಣಗಿ ಇನ್ನೂ ಬಾಗಿಲಲ್ಲೇ ನಿಂತಿತ್ತು. ಕಬ್ಬಿಣದ ಗ್ರಿಲ್ಲಿಗೆ ಎರಡೆರಡು ಬೀಗ. ಗೋಡೆಗೆ ಸಾಲಾಗಿ ನಿಲ್ಲಿಸಿದ್ದ ಕೋವಿಗಳ ಕುದುರೆ, ಅದೇ ಬೆರಳಲ್ಲಿ ಎಳೆಯೋ ಕೊಕ್ಕೆ, ಅದರ ಸುತ್ತಲಿನ ಬಳೆಯಲ್ಲಿ ಒಂದೇ ಸರಪಳಿ ತೂರಿಸಿ ಕೊನೆಗೆ ಬೀಗ ಹಾಕಿದ್ದ. ಕೌಂಟರಿನ ಮೇಲೆ ಹಸಿರು ಬಟ್ಟೆ. ಅಂಗಡಿ ತುಂಬ ಹೊಲಿಗೆ ಮಷೀನಿನ ಎಣ್ಣೆಯ ವಾಸನೆ. ನಮ್ಮ ಟೈಲರ್ ಕೋಣೆಗೆ ಬಂದ ಹಾಗಾಯಿತು.

‘ಬನ್ನಿ ಸರ್’ ಅಂದ. ಅಷ್ಟೇ. ನಮ್ಮ ಹಾಗೆ ‘ಬನ್ನಿ ಅಕ್ಕಾ, ಒಳಗೆ ಬನ್ನಿ, ನೋಡೋಕೆ ದುಡ್ಡಿಲ್ಲ’ ಅಂತ ರಾಗ ಎಳೆಯಲಿಲ್ಲ. ಎರಡನೇ ಮಾತೇ, ‘ಯಾಕೆ ಬೇಕಿತ್ತು?’

ಗುಂಡ, ಹದಿನೆಂಟು ವರ್ಷ ಆಯಿತು ನಾನು ಗಲ್ಲಾ ಮೇಲೆ ಕೂತು. ಒಬ್ಬ ಗಿರಾಕಿಗೂ ಯಾಕೆ ಬೇಕು ಅಂತ ಕೇಳಿಲ್ಲ. ಎಷ್ಟರದ್ದು ಬೇಕು ಅಂತ ಕೇಳಿದ್ದೇನೆ. ಆ ಪ್ರಶ್ನೆಗೆ ನಾನು ತೊದಲಿಬಿಟ್ಟೆ. ‘ಕೋತಿ’ ಅಂದೆ. ಆಮೇಲೆ ‘ತಾರಸಿ ಮೇಲೆ ನಮ್ಮನೆಯವಳು ಸಂಡಿಗೆ ಹಾಕ್ತಾಳೆ, ಒಂದು ಏರ್‌ಗನ್...’ ಅಂತ ಸೇರಿಸಿದೆ. ನಮ್ಮನೆಯವಳು ಸಂಡಿಗೆ ಹಾಕಿದ್ದು ಯಾವ ಕಾಲದಲ್ಲೋ. ಅವನು ನಗಲಿಲ್ಲ. 0.177 ಇಂಚು ನಳಿಗೆಯ ಸಣ್ಣ ಏರ್‌ಗನ್‌ಗೆ ಲೈಸೆನ್ಸ್ ಬೇಡ, ಆದರೆ ಗುರುತಿನ ಚೀಟಿ, ವಿಳಾಸ ಕೊಡಬೇಕು ಅಂದ. ಕೋತಿಗೆ ಗುರಿ ಇಟ್ಟರೆ ಕೇಸಾಗುತ್ತೆ ಅಂದ. ಕೊನೆಗೆ, ‘ಸಂಡಿಗೆಗೆ ಬಲೆ ಹಾಕಿ ಸರ್, ಸಾಕು’ ಅಂದ. ತನ್ನ ಮಾಲು ಬೇಡ ಅಂತ ಹೇಳಿ ಕಳಿಸೋ ವ್ಯಾಪಾರಿಯನ್ನ ದಾವಣಗೆರೆಯಲ್ಲಿ ನಾನು ನೋಡಿದ್ದು ಅದೇ ಮೊದಲು.

ಅಲ್ಲಿಗೇ ಎದ್ದು ಬರಬೇಕಿತ್ತು. ಬರಲಿಲ್ಲ. ಚಹಾ ತರಿಸಿದ್ದ, ಕೂತೆ. ಮಾತಿಗೆ ಮಾತು ಬಂತು. ಈ ಹನ್ನೆರಡು ಬೋರ್ ಕೋವಿ ಅಂತಾರಲ್ಲ, ಹನ್ನೆರಡು ಏನು ಅಂತ ಕೇಳಿದೆ. ಒಂದು ಪೌಂಡ್ ಸೀಸ ತಗೊಂಡು ನಳಿಗೆಯ ಬಾಯಿಗೆ ಸರಿಯಾಗಿ ಕೂರೋ ಉಂಡೆ ಮಾಡಿದರೆ 12 ಉಂಡೆ ಆಗುತ್ತಂತೆ. 20 ಬೋರ್ ಅಂದರೆ 20 ಉಂಡೆ. ಹಾಗಾಗಿ ನಂಬರ್ ದೊಡ್ಡದಾದಷ್ಟೂ ನಳಿಗೆ ಸಣ್ಣದು. ನನಗೆ ರೋಮ ನಿಂತವು ಕಣಲೇ. ನಮ್ಮಪ್ಪ ಮಿಲ್ಲಿನಿಂದ ಬಂದು ಊಟಕ್ಕೆ ಕೂತಾಗ ಇದನ್ನೇ ಅಲ್ವಾ ಹೇಳುತ್ತಿದ್ದದ್ದು? ಒಂದು ಪೌಂಡ್ ನೂಲಿನಲ್ಲಿ 840 ಗಜದ ಲಡಿ ಎಷ್ಟು ಬರುತ್ತೋ ಅಷ್ಟು ಕೌಂಟು. 20 ಲಡಿ ಬಂದರೆ 20 ಕೌಂಟು, 60 ಬಂದರೆ 60. ನಂಬರ್ ದೊಡ್ಡದಾದಷ್ಟೂ ಎಳೆ ಸಣ್ಣದು. ಇದನ್ನು ಹೇಳಿದಾಗ ಅವನೂ ಪೆನ್ನು ಕೆಳಗಿಟ್ಟ. ಇಬ್ಬರೂ ಹತ್ತು ನಿಮಿಷ ಮಕ್ಕಳ ಹಾಗೆ ಖುಷಿಪಟ್ಟೆವು. ಅವನು ಕೋವಿಗೆ ತುಂಬೋ ತೋಟಾದ ಒಂದು ಡಬ್ಬ ತೋರಿಸಿದ. ಪುಣೆ ಹತ್ತಿರದ ಖಡಕಿ ಕಾರ್ಖಾನೆಯ ಮಾಲು. ಮೇಲೆ ಬರೆದಿದ್ದ ಹೆಸರು ‘ಶಕ್ತಿಮಾನ್’. ನೀನಿದ್ದಿದ್ದರೆ ಒಂದು ಕೈ ಮೇಲೆತ್ತಿ ಅಲ್ಲೇ ಗಿರಗಿರ ತಿರುಗುತ್ತಿದ್ದೆ.

ಅಷ್ಟರಲ್ಲಿ ಇಬ್ಬರು ಬಂದರು. ಮುಂದೆ ಬಂದವನು ಬಿಳಿ ಕಾರಿನಿಂದ ಇಳಿದ. ಕೊರಳಲ್ಲಿ ಹಗ್ಗದಷ್ಟು ದಪ್ಪದ ಸರ. ಸೈಟು ವ್ಯಾಪಾರ ಅಂತ ಹಣೆಯ ಮೇಲೇ ಬರೆದಿತ್ತು. ಹಿಂದೆ ಬಂದವನು ಒಬ್ಬ ರೈತ. ವಯಸ್ಸಾದವನು. ಹೆಗಲಲ್ಲಿ ಟವೆಲ್, ಹವಾಯಿ ಚಪ್ಪಲಿ, ಹಿಮ್ಮಡಿಗೆ ಒಣಗಿದ ಕೆಸರು. ಕಂಕುಳಲ್ಲಿ ಗೋಣಿಚೀಲ ಸುತ್ತಿದ ಏನೋ ಉದ್ದದ್ದು.

ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ನಿನಗೆ ಗೊತ್ತು. ಸರದವನಿಗೆ ಫ್ಯಾನಿನ ಕೆಳಗೆ ಕುರ್ಚಿ. ರೈತನಿಗೆ ‘ಒಂದ್ನಿಮಿಷ ಅಜ್ಜಾ.’

ಅಂಗಡಿಯವನು ಇಬ್ಬರಿಗೂ ನೀರು ಕೊಟ್ಟ. ಇಬ್ಬರಿಗೂ ಒಂದೇ ಪ್ರಶ್ನೆ. ಯಾಕೆ ಬೇಕಿತ್ತು, ಲೈಸೆನ್ಸ್ ಇದೆಯಾ. ಸರದವನಿಗೆ ರಿವಾಲ್ವರ್ ಬೇಕಂತೆ, ಪ್ರೊಟೆಕ್ಷನ್‌ಗೆ. ಲೈಸೆನ್ಸ್ ಇಲ್ಲ. ‘ನೀವೇ ಮಾಡಿಸಿಕೊಡಿ, ಖರ್ಚು ಎಷ್ಟಾದ್ರೂ ಆಗಲಿ’ ಅಂದ. ‘ಅದು ಡಿಸಿ ಆಫೀಸಿನ ಕೆಲಸ ಸರ್. ಅರ್ಜಿ ಹಾಕಬೇಕು, ಪೊಲೀಸ್ ವರದಿ ಹೋಗಬೇಕು, ಡಾಕ್ಟರ್ ಸರ್ಟಿಫಿಕೇಟ್ ಬೇಕು’ ಅಂದ ಇವನು, ರೇಷನ್ ಕಾರ್ಡಿಗೆ ಏನೇನು ಬೇಕು ಅಂತ ಹೇಳುವ ಧಾಟಿಯಲ್ಲಿ. ಕೈಯಲ್ಲಿ ಹಿಡಿದು ನೋಡಬಹುದಾ? ಇಲ್ಲ ಸರ್. ಒಂದು ಫೋಟೋ? ಇಲ್ಲ ಸರ್. ಚಹಾ ಕುಡಿದು ಹೋಗಿ ಸರ್. ಅವನು ಚಹಾ ಕುಡಿಯದೇ ಹೋದ.

ರೈತ ಗೋಣಿ ಬಿಚ್ಚಿದ. ಜೋಡಿ ನಳಿಗೆ ಕೋವಿ, ಮರದ ಹಿಡಿಕೆ ಸವೆದು ಹೊಳೆಯುತ್ತಿತ್ತು. ಅಂಗಡಿಯವನು ಮೊದಲು ನಳಿಗೆ ಮಡಿಸಿ ಖಾಲಿ ಇದೆಯಾ ನೋಡಿದ. ಆಮೇಲೆ ಬಾಗಿಲ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದ. ಹಸಿರು ಬಟ್ಟೆಯ ಮೇಲೆ ಮಗು ಮಲಗಿಸುವ ಹಾಗೆ ಮಲಗಿಸಿದ. ಲೈಸೆನ್ಸ್ ಪುಸ್ತಕದ ನಂಬರನ್ನೂ ಕೋವಿಯ ನಂಬರನ್ನೂ ಬೆರಳಿಟ್ಟು ತಾಳೆ ನೋಡಿದ. ಮೆಕ್ಕೆಜೋಳಕ್ಕೆ ಹಂದಿ ಕಾಟವಂತೆ. ‘ಬರೀ ಸದ್ದು ಮಾಡಿ ಓಡಿಸ್ತೀನಪ್ಪಾ, ಹೊಡೆಯೋಕೆ ಅರಣ್ಯ ಇಲಾಖೆ ಬಿಡ್ಬೇಕಲ್ಲ’ ಅಂದ ಅಜ್ಜ. 2024ರ ಎಲೆಕ್ಷನ್ನಿನಲ್ಲಿ ಕೋವಿ ಠಾಣೆಯಲ್ಲಿತ್ತಂತೆ. ‘ಹಂದಿಗೆ ಯಾವ ನೀತಿ ಸಂಹಿತೆ ಹೇಳಪ್ಪಾ’ ಅಂತ ನಕ್ಕ. ಅಂಗಡಿಯವನು ನಗುತ್ತಲೇ, ಮೊದಲು 3 ವರ್ಷಕ್ಕಿದ್ದ ಲೈಸೆನ್ಸು 2019ರ ತಿದ್ದುಪಡಿ ಆದಮೇಲೆ 5 ವರ್ಷಕ್ಕೆ ಆಗಿದೆ, ಕೊನೇ ದಿನದವರೆಗೆ ಕಾಯದೆ ಮುಂಚೆಯೇ ರಿನ್ಯೂವಲ್‌ಗೆ ಹಾಕು ಅಂತ ಬಿಡಿಸಿ ಹೇಳಿದ. ತೋಟಾ ಕೊಟ್ಟು, ಪುಸ್ತಕದಲ್ಲಿ ಬರೆದು, ರಿಜಿಸ್ಟರಿನಲ್ಲಿ ಬರೆದು, ಸಹಿ ಹಾಕಿಸಿಕೊಂಡ. ಎಲ್ಲ ಮುಗಿಯೋಕೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಆ ಅಜ್ಜ ಫ್ಯಾನಿನ ಕೆಳಗೆ ಕೂತಿದ್ದ.

ಯಾವೂರು ಅಜ್ಜಾ ಅಂತ ನಾನು ಕೇಳಬಾರದಿತ್ತು. ‘ಸಂತೇಬೆನ್ನೂರು ಕಡೆ’ ಅಂದ. ನಿಮ್ಮೂರ ಕಡೆಯವನೇ.

ಗುಂಡ, ಇಲ್ಲಿಂದ ಮುಂದಿನದನ್ನು ನಿಜವಾಗಿ ಫೋನಿನಲ್ಲೇ ಹೇಳಬೇಕಿತ್ತು. ಈಗ ಬರೆಯುತ್ತಾ ಬಂದುಬಿಟ್ಟಿದೆ.

ನಮ್ಮಂಗಡಿಯಲ್ಲೂ ಒಂದು ನಂಬರಿದೆ. ನಿನಗೆ ಯಾವತ್ತೂ ಹೇಳಿಲ್ಲ. ಗಿರಾಕಿ ಮೆಟ್ಟಿಲು ಹತ್ತುವಾಗ ನಾನು ಚಪ್ಪಲಿ ನೋಡುತ್ತೇನೆ. ನೋಡಿ ಹುಡುಗನಿಗೆ ‘ಎರಡನೇ ನಂಬರ್ ತೋರಿಸು’, ‘ನಾಲ್ಕನೇ ನಂಬರ್ ತೋರಿಸು’ ಅಂತೀನಿ. ಐದು ಅಂದರೆ ಕೆಳಗಿನ ಸಾಲು. ಮೊದಲ ಒಗೆತಕ್ಕೆ ಬಣ್ಣ ಬಿಡೋ ಮಾಲು. ಇಲ್ಲೂ ನಂಬರ್ ದೊಡ್ಡದಾದಷ್ಟೂ ಮನುಷ್ಯ ಸಣ್ಣವನು. ನಾನು ಕೆಲಸ ಕಲಿತ ಅಂಗಡಿಯಲ್ಲಿ ಹೇಳಿಕೊಟ್ಟದ್ದು. ಚೆನ್ನಾಗೇ ಕಲಿತೆ.

ನಿನ್ನ ಮನೆ ಗೃಹಪ್ರವೇಶಕ್ಕೆ ಮುಂಚೆ ನಿಮ್ಮಪ್ಪಾಜಿ ನಮ್ಮಂಗಡಿಗೆ ಬಂದಿದ್ದರು. ಬೆಳಗಿನ ಬಸ್ಸಿಗೆ ಬಂದಿರಬೇಕು. ತಲೆಗೆ ಟವೆಲ್ ಸುತ್ತಿದ್ದರು, ಜ್ವರ ಬಂದು ಇಳಿದುಹೋಗಿದ್ದರು. ನಾನು ಮುಖ ನೋಡಲಿಲ್ಲ. ಕಾಲು ನೋಡಿದೆ. ‘ಐದು’ ಅಂದೆ. ನಿಂತುಕೊಂಡೇ ಆರಿಸಿದರು. ಬದನೆಕಾಯಿ ಬಣ್ಣದ ಸೀರೆ, ಹಸಿರು ಅಂಚು. ‘ಇದು ನಮ್ಮನೆಯವಳಿಗೆ ಒಪ್ಪುತ್ತೆ’ ಅಂತ ಹುಡುಗನ ಹತ್ತಿರ ಹೇಳಿದರು ನೋಡು, ಆ ದನಿಗೆ ನನಗೆ ಗುರುತು ಸಿಕ್ಕಿತು.

ಎದ್ದು ನಿಂತು ‘ಅಪ್ಪಾಜಿ’ ಅನ್ನಬೇಕಿತ್ತು. ಮೇಲಿನ ಸಾಲು ಇಳಿಸಬೇಕಿತ್ತು. ಆದರೆ ಹಾಗೆ ಮಾಡಿದರೆ ಇಷ್ಟು ಹೊತ್ತು ಕೆಳಗಿನ ಸಾಲು ಯಾಕೆ ತೋರಿಸಿದೆ ಅಂತ ಅವರಿಗೆ ಗೊತ್ತಾಗುತ್ತಲ್ಲ. ಅದಕ್ಕೆ ಗುರುತು ಸಿಗದವನ ಹಾಗೆ ತಲೆ ತಗ್ಗಿಸಿ ಬಿಲ್ ಬರೆದೆ. ಪೂರ್ತಿ ರೇಟು. ಅವರು ಒಳಜೇಬಿನಿಂದ ನೋಟು ತೆಗೆದು ಎಣಿಸಿಕೊಟ್ಟರು. ಚೀಲ ತಗೊಂಡು ಮೆಟ್ಟಿಲು ಇಳಿಯುವಾಗ ತಿರುಗಿ, ‘ಚೆನ್ನಾಗಿದ್ದೀಯೇನಪ್ಪಾ?’ ಅಂದರು. ಮನೆಯಲ್ಲಿ ನನ್ನನ್ನ ಕರೆಯೋ ಹೆಸರು ಹಿಡಿದು, ಲೇ. ಒಳಗೆ ಬಂದಾಗಿನಿಂದ ಅವರಿಗೆ ನನ್ನ ಗುರುತಿತ್ತು.

ನಿನಗೆ ಹೇಳಿರಲಿಕ್ಕಿಲ್ಲ. ಅವರು ಹೇಳೋರಲ್ಲ. ಗೃಹಪ್ರವೇಶದ ಫೋಟೋದಲ್ಲಿ ಅವ್ವ ಅದೇ ಸೀರೆ ಉಟ್ಟು ಹಾಲು ಉಕ್ಕಿಸುತ್ತಿದ್ದರು. ನಾನು ಆ ಫೋಟೋಗೆ ಹಾರ್ಟ್ ಒತ್ತಿ, ಕೆಳಗೆ ‘ಸೂಪರ್ ಅವ್ವ’ ಅಂತ ಬೇರೆ ಬರೆದೆ. ಬೇಕಾದರೆ ಹಿಂದೆ ಹೋಗಿ ನೋಡು, ಇನ್ನೂ ಇದೆ. ನಿನಗೆ ಆ ಹಾರ್ಟು ತೆಗೆಯೋದು ಹೇಗೆ ಗೊತ್ತಿದ್ದರೆ ಹೇಳು. ಬೇಡ, ಇರಲಿ ಬಿಡು.

ಬಂದೂಕಿನ ಅಂಗಡಿಯವನಿಗೆ ಗಿರಾಕಿಯನ್ನ ಅನುಮಾನದಿಂದ ನೋಡು ಅಂತ 1959ರಿಂದಲೂ ಒಂದು ಕಾಯ್ದೆಯೇ ಇದೆ. ಅವನು ಎಲ್ಲರನ್ನೂ ಒಂದೇ ಸಮ ಅನುಮಾನಿಸಿ, ಎಲ್ಲರಿಗೂ ಒಂದೇ ಲೋಟದಲ್ಲಿ ನೀರು ಕೊಡುತ್ತಾನೆ. ನನಗೆ ಯಾವ ಕಾಯ್ದೆ ಇತ್ತು ಹೇಳು? ಬರೀ ಸೀರೆ ಮಾರೋನು ನಾನು.

ಸಾಕು. ಇಷ್ಟು ಸೀರಿಯಸ್ ಆದದ್ದು ಪಿಯುಸಿ ರಿಸಲ್ಟ್ ಬಂದಾಗ ಮಾತ್ರ. ಅವತ್ತು ಮಂಡಕ್ಕಿ ಮಿರ್ಚಿಗೆ ದುಡ್ಡು ಕೊಟ್ಟವನು ನೀನು. ಎರಡನೇ ಪ್ಲೇಟಿನ ಲೆಕ್ಕ ಇನ್ನೂ ಬಾಕಿ ಇದೆ, ಆ ಸುದ್ದಿ ಇಲ್ಲಿ ಬೇಡ, ನನ್ನ ಮಗನೂ ಇದನ್ನ ಓದುತ್ತಾನೆ. ಅಪ್ಪಾಜಿಗೆ ಮಾತ್ರ ಇದನ್ನ ಓದಿ ಹೇಳಬೇಡ. ಅಥವಾ ಹೇಳು. ನನಗೆ ಗೊತ್ತಾಗುತ್ತಿಲ್ಲ, ನೀನೇ ನೋಡಿ ಮಾಡು.

ಅಂದ ಹಾಗೆ ನಿನ್ನೆ ಆ ಬಂದೂಕಿನವನು ನಮ್ಮಂಗಡಿಗೇ ಬಂದಿದ್ದ. ಕೌಂಟರಿಗೆ ಹೊಸದಾಗಿ ಹಸಿರು ಬಟ್ಟೆ ಬೇಕಂತೆ, ಮೂರು ಮೀಟರ್. ನಾನು ಬೇಕಂತಲೇ ಅವನ ಕಾಲು ನೋಡಲಿಲ್ಲ. ತಲೆ ಎತ್ತಿ ಎತ್ತಿ ಕತ್ತು ಉಳುಕಿತು. ಹುಡುಗ ಥಾನು ಬಿಚ್ಚಿದ. ಅವನು ಎಣ್ಣೆ ಬೆರಳಲ್ಲಿ ಅಂಚು ಉಜ್ಜಿ ನೋಡಿ, ‘ಬಣ್ಣ ಬಿಡುತ್ತಾ ಸರ್?’ ಅಂದ.

‘ಬಿಡುತ್ತೆ’ ಅಂದೆ.

ಹುಡುಗ ನನ್ನನ್ನೇ ನೋಡಿದ. ಅವನು ಥ್ಯಾಂಕ್ಸ್ ಹೇಳಿ ಮುಂದಿನ ಅಂಗಡಿಗೆ ಹೋದ. ಮೂರು ಮೀಟರ್ ವ್ಯಾಪಾರ ಹೋಯಿತು ಕಣಲೇ. ಆ ನಷ್ಟವನ್ನು ಖಾತೆಯಲ್ಲಿ ನಿನ್ನ ಹೆಸರಿಗೆ ಬರೆದಿದ್ದೇನೆ, ಬಂದಾಗ ತೀರಿಸು. ಬರುವಾಗ ಛತ್ರಿ ತರಬೇಡ.

ಇಂತಿ ನಿನ್ನ,
ಅರ್ಧ ಮೀಟರ್